ಐದೂವರೆಯ ಬಣ್ಣ

ಜೂನ್ ೭, ೧೯೮೨, ಸೋಮವಾರ

ಇವತ್ತಿನಿಂದ ನಾನು ಕೆಮಿಸ್ಟು. ಚಾಮರಾಜಪೇಟೆಯ ಒಂದು ಮನೆಯ ಹಿತ್ತಲಿನಲ್ಲಿ, ಸೌದೆ ಕೊಟ್ಟಿಗೆಗೆ ಹೊಸ ಶೀಟು ಹೊದಿಸಿ, ಬಾಗಿಲಿಗೆ ‘ಲ್ಯಾಬೊರೇಟರಿ’ ಎಂದು ಬೋರ್ಡು ತಗುಲಿಸಿದ್ದಾರೆ. ಒಳಗೆ ಒಂದು ತಕ್ಕಡಿ, ಒಂದು ದೊಡ್ಡ ಪ್ಲಾಸ್ಟಿಕ್ ಡ್ರಮ್ಮು, ಮದುವೆಮನೆ ಹುಳಿ ತಿರುವುವಂಥ ಮರದ ಸೌಟು, ಬಸವಣ್ಣನವರ ಪಟ. ಬಿ.ಎಸ್ಸಿ. ಓದುವಾಗ ನಾನು ಕಂಡ ಕನಸಿನ ಲ್ಯಾಬಿನಲ್ಲಿ ಇವುಗಳ ಪೈಕಿ ತಕ್ಕಡಿ ಮಾತ್ರ ಇತ್ತು.

ಸಾಹುಕಾರರು ಸಿದ್ದಬಸಪ್ಪನವರು. ತಾತನ ಕಾಲದಿಂದ ಪೇಟೆಯಲ್ಲಿ ಸೀಗೆಪುಡಿ, ಅಂಟುವಾಳ, ಅರಿಶಿನ ಕುಂಕುಮದ ಸಗಟು ವ್ಯಾಪಾರ. ಈಗಿನ ಹುಡುಗಿಯರು ಸೀಗೆಪುಡಿ ಕಂಡರೆ ಮೂಗು ಮುರಿಯುತ್ತಾರೆಂದು ‘ಸಿರಿಮುಡಿ ಶಾಂಪೂ’ ಶುರುಮಾಡಿದ್ದಾರೆ. ಲೈಸೆನ್ಸಿನಲ್ಲಿ ಒಬ್ಬ ಕೆಮಿಸ್ಟಿನ ಹೆಸರು ಇರಲೇಬೇಕು. ಹಳೆಯ ಕೆಮಿಸ್ಟ್ ಶ್ರೀನಿವಾಸಯ್ಯನವರು ಕಣ್ಣು ಕಾಣದೆ ಬಿಟ್ಟರು, ಅದಕ್ಕೇ ನಾನು. ದೀಪಾವಳಿಯವರೆಗೆ ನನ್ನ ಕೆಲಸ ನೋಡುತ್ತಾರಂತೆ. ಸರಿಹೋದರೆ ಲೈಸೆನ್ಸಿಗೆ ನನ್ನ ಹೆಸರು ಹೋಗುತ್ತದೆ, ಕೆಲಸ ಕಾಯಂ. ಸರಿಹೋಗದಿದ್ದರೆ ಮತ್ತಿಕೆರೆಯ ಮನೆಯಲ್ಲಿ ಅಮ್ಮ ತುಮಕೂರಿನ ಗಂಡಿನ ಫೋಟೋ ಹಿಡಿದುಕೊಂಡು ತಯಾರಾಗಿ ಕೂತಿದ್ದಾಳೆ. ಫೋಟೋದಲ್ಲಿ ಗಂಡು ಸ್ಕೂಟರಿಗೆ ಒರಗಿ ನಿಂತಿದ್ದಾನೆ. ಸ್ಕೂಟರು ಸ್ಟುಡಿಯೋದ್ದು.

ಅರ್ಜಿಯಲ್ಲಿ ಪೂರ್ತಿ ಹೆಸರಿದ್ದರೂ ನಾನು ಎಲ್ಲ ಕಡೆ ‘ಎ.ಬಿ.’ ಎಂದೇ ಸಹಿ ಹಾಕಿದೆ. ಅಪ್ಪ ಅವನ ತಾಯಿಯ ಹೆಸರನ್ನು ನನಗಿಟ್ಟ. ಬೈರಮ್ಮ ಎಂಬ ಹೆಸರಿಟ್ಟುಕೊಂಡು ಶಾಂಪೂ ಮಾಡುವುದು ಹೇಗೆ? ಸಾಹುಕಾರರು ಎರಡಕ್ಷರ ನೋಡಿ ಗೊಂದಲಪಟ್ಟು ‘ಕೆಮಿಸ್ಟಮ್ಮ’ ಎಂದು ಕರೆದರು. ಅದೇ ನಿಂತಿತು. ನನಗೂ ಒಳ್ಳೆಯದೇ ಆಯಿತು.

ಜೂನ್ ೧೦, ಗುರುವಾರ

ಸಾಹುಕಾರರಿಗೆ ಪಿಎಚ್ ಎಂದರೇನೆಂದು ಪಾಠ ಹೇಳಿದೆ. ಏಳು ಎಂದರೆ ಯಾರ ಕಡೆಗೂ ಸೇರದ ಮಧ್ಯಸ್ಥ. ಕೆಳಗಿಳಿದರೆ ಹುಳಿ, ಮೇಲೆ ಹತ್ತಿದರೆ ಕ್ಷಾರ. ನಾವು ಕೊಳ್ಳುವ ನೊರೆ ದ್ರಾವಣ ಬರುವಾಗಲೇ ಎಂಟರ ಮೇಲಿರುತ್ತದೆ. ನಮ್ಮ ತಲೆಯ ಚರ್ಮವೋ ಹುಟ್ಟಾ ಸ್ವಲ್ಪ ಹುಳಿ. ಕೂದಲಿನ ಮೈಮೇಲೆ ಹೆಂಚು ಜೋಡಿಸಿದ ಹಾಗೆ ಸಣ್ಣ ಸಣ್ಣ ಪದರಗಳಿರುತ್ತವೆ. ಕ್ಷಾರ ತಗುಲಿದರೆ ಹೆಂಚು ಏಳುತ್ತದೆ, ಕೂದಲು ತೆಂಗಿನ ನಾರಾಗುತ್ತದೆ, ತಲೆ ತುರಿಸುತ್ತದೆ. ಅದಕ್ಕೇ ಸಿಟ್ರಿಕ್ ಆಮ್ಲ, ಅಂದರೆ ದಿನಸಿ ಅಂಗಡಿಯ ನಿಂಬೆ ಉಪ್ಪು, ನೀರಿನಲ್ಲಿ ಕರಗಿಸಿ ಚೂರುಚೂರೇ ಹಾಕಿ ಐದೂವರೆಗೆ ಇಳಿಸುವುದು. ಶಾಂಪೂ ಕೆಡದಿರಲೆಂದು ಹಾಕುವ ಬೆಂಜೋಯೇಟ್ ಕೂಡ ಹುಳಿಯಲ್ಲಿ ಮಾತ್ರ ದುಡಿಯುತ್ತದೆ, ಕ್ಷಾರ ಕಂಡರೆ ಮುಸುಕೆಳೆದು ಮಲಗುತ್ತದೆ.

“ಅಷ್ಟು ನಿಂಬೆ ಉಪ್ಪು ಹಾಕೋಕೆ ಬಿ.ಎಸ್ಸಿ. ಯಾಕಮ್ಮ ಬೇಕು?” ಅಂದರು.

“ಹಾಕೋಕೆ ಬೇಡ ಸಾರ್. ಎಲ್ಲಿ ನಿಲ್ಲಿಸ್ಬೇಕು ಅನ್ನೋದಕ್ಕೆ ಬೇಕು,” ಅಂದೆ.

“ಶ್ರೀನಿವಾಸಯ್ಯನೋರು ನಾಲಿಗೆ ಮೇಲಿಟ್ಕೊಂಡು ನೋಡ್ತಿದ್ರು. ಈ ಕಾಗದ ಗೀಗದ ಏನೂ ಕೇಳ್ತಿರ್ಲಿಲ್ಲ.”

ಪುಣ್ಯಾತ್ಮರು. ಹೋಗಿದ್ದು ಕಣ್ಣು ಮಾತ್ರವೋ ನಾಲಿಗೆಯೂ ಹೋಗಿದೆಯೋ. ನಾನು ಹಟಹಿಡಿದು ಪಿಎಚ್ ಕಾಗದದ ಪುಸ್ತಕ ತರಿಸಿದ್ದೇನೆ. ಬೆಂಕಿಪೊಟ್ಟಣದಷ್ಟು ಪುಟ್ಟದು. ಒಂದೆಳೆ ಹರಿದು ಅದ್ದಿದರೆ ಬಣ್ಣ ತಿರುಗುತ್ತದೆ, ಅದನ್ನು ರಟ್ಟಿನ ಮೇಲಿನ ಬಣ್ಣಗಳ ಪಕ್ಕ ಹಿಡಿದು ನೋಡಬೇಕು. ಎಂಟು ಎಂದರೆ ಪಾಚಿ ಹಸಿರು. ಐದೂವರೆ ಎಂದರೆ ಈಗಷ್ಟೇ ಹಣ್ಣಾಗುತ್ತಿರುವ ಮಾವಿನ ಬಣ್ಣ.

ಸಂಜೆ ಸಾಹುಕಾರರ ತಾಯಿ ಗುರುಬಸಮ್ಮನವರು ಲ್ಯಾಬಿಗೆ ಬಂದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು.

“ಯಾರ ಪೈಕಿ ಮಗಾ ನೀವು?”

“ಕೆಮಿಸ್ಟ್ರಿ ಪೈಕಿ ಅಜ್ಜಿ.”

“ಅದಲ್ಲಮ್ಮ. ಮನೆದೇವ್ರು ಯಾರು?”

“ಅಪ್ಪಂಗೆ ಬುದ್ಧ, ಅಮ್ಮಂಗೆ ಹನುಮಂತ. ನಂಗಿನ್ನೂ ಯಾರೂ ಒಪ್ಪಿಗೆ ಆಗಿಲ್ಲ.”

“ಬುದ್ಧ,” ಎಂದು ಅಜ್ಜಿ ಒಂದು ಗಳಿಗೆ ನಿಂತರು. ಆಮೇಲೆ “ಒಳ್ಳೇದಾಗ್ಲಿ” ಎಂದು ಒಳಗೆ ಹೋದರು. ಒಳ್ಳೆಯ ಮುದುಕಿ. ಇಂಥವರಿರುವ ಮನೆಯಲ್ಲಿ ಕೆಲಸ ಮಾಡಲು ಪುಣ್ಯ ಬೇಕು.

ಜೂನ್ ೧೪, ಸೋಮವಾರ

ನನಗೇ ಅಂತ ಒಂದು ಬೇರೆ ಲೋಟ ಬಂದಿದೆ! ಕಿಟಕಿಯ ಹಲಗೆಯ ಮೇಲೆ ಅದಕ್ಕೊಂದು ಜಾಗ. ಬಾಟಲಿ ತುಂಬುವ ಇಬ್ಬರು ಹೆಂಗಸರಿಗೆ ಒಳಗಿನಿಂದ ಕಾಫಿ ಲೋಟದಲ್ಲೇ ಬರುತ್ತದೆ. ನನ್ನ ಲೋಟಕ್ಕೆ ಮಾತ್ರ ಒಂದು ಗೇಣು ಮೇಲಿನಿಂದ ಹೊಯ್ಯುತ್ತಾರೆ. ಕುಡಿದ ಮೇಲೆ ನಾನೇ ತೊಳೆದು ಬೋರಲು ಹಾಕಬೇಕು. ಹೈಜೀನ್ ಎಂದರೆ ಇದು! ಕಾಲೇಜಿನ ಲ್ಯಾಬಿನಲ್ಲೂ ಇಷ್ಟು ಶಿಸ್ತಿರಲಿಲ್ಲ. ದಿನವಿಡೀ ಕೆಮಿಕಲ್ ಮುಟ್ಟುವವಳು ನಾನು, ಅವರು ಎಚ್ಚರವಾಗಿರುವುದೇ ಸರಿ.

ಅಪ್ಪನಿಗೆ ಹೇಳಲಿಲ್ಲ. ಅಪ್ಪ ಅಚ್ಚುಕೂಟದಲ್ಲಿ ಬೈಂಡರ್. ಈ ಡೈರಿ ಹೊಲಿದು ಕೊಟ್ಟವನೂ ಅವನೇ. ಕೈ ಚಿನ್ನದಂಥದ್ದು, ಕಣ್ಣು ಮಾತ್ರ ಒಂದೇ ಕಡೆ. ಎಲ್ಲದರಲ್ಲೂ ಅದೇ ಒಂದು ಹುಳುಕು ಹುಡುಕುತ್ತಾನೆ. ಅವನ ಕಾಲ ಅವನಿಗೆ. ಇದು ಎಂಬತ್ತೆರಡನೇ ಇಸವಿಯ ಬೆಂಗಳೂರು.

ಜುಲೈ ೨, ಶುಕ್ರವಾರ

ಮೊದಲ ಡ್ರಮ್ಮು ಇಳಿಸಿದೆ. ನಿಂಬೆ ಉಪ್ಪಿನ ನೀರು ಹೊಯ್ದು ತಿರುವಿ, ಕಾಗದ ಅದ್ದಿ, ಮತ್ತೆ ಹೊಯ್ದು ತಿರುವಿ ಅದ್ದಿ, ಕೊನೆಗೆ ಮಾವಿನ ಬಣ್ಣ ಬಂದಾಗ ನನಗೆ ಎಷ್ಟು ಸಂತೋಷವಾಯಿತೆಂದರೆ ಬಸವಣ್ಣನವರ ಪಟಕ್ಕೂ ಕಾಗದ ತೋರಿಸಿಬಿಟ್ಟೆ. ಸಿಟ್ರಿಕ್ ಅಳತೆಯೆಲ್ಲ ಶ್ರೀನಿವಾಸಯ್ಯನವರದೇ ಹೆಚ್ಚು ಕಡಿಮೆ. ಮುದುಕರ ನಾಲಿಗೆಗೆ ನಮಸ್ಕಾರ.

ಸಂಜೆ ಮುಚ್ಚಿ ಬಂದೆ. ನಾಳೆ ಬೆಳಗ್ಗೆ ಬಾಟಲಿ ತುಂಬುತ್ತಾರೆ. ನಮ್ಮ ಶಾಂಪೂ ನಾಳಿದ್ದು ಮಲ್ಲೇಶ್ವರಕ್ಕೆ.

ಜುಲೈ ೨೦, ಮಂಗಳವಾರ

ನಮ್ಮ ಶಾಂಪೂ ಮಲ್ಲೇಶ್ವರದಲ್ಲಿ ಪಟಾಕಿಯಾಗಿದೆ.

ಅಲ್ಲಿ ಶಿವರುದ್ರಪ್ಪನವರದು ದೊಡ್ಡ ಅಂಗಡಿ, ನಮ್ಮ ಅರ್ಧ ಮಾಲು ಹೋಗುವುದು ಅಲ್ಲಿಗೇ. ಷೆಲ್ಫಿನಲ್ಲಿಟ್ಟ ಬಾಟಲಿಗಳ ಮುಚ್ಚಳ ತಮ್ಮಷ್ಟಕ್ಕೆ ತಾವೇ ಟಪ್ ಟಪ್ ಎಂದು ಹಾರಿದುವಂತೆ. ಒಂದು ಮುಚ್ಚಳ ಯಾರೋ ರಿಟೈರ್ಡ್ ಹೆಡ್‌ಮಾಸ್ಟರ ಕನ್ನಡಕಕ್ಕೆ ಬಡಿದಿದೆ. ಹಾರದೆ ಉಳಿದ ಬಾಟಲಿಗಳನ್ನು ಕೊಂಡವರು ತಲೆ ಕೆರೆದುಕೊಂಡು ಬಂದು ಬೈದಿದ್ದಾರೆ. ಶಿವರುದ್ರಪ್ಪನವರು ಎಲ್ಲವನ್ನೂ ಗಾಡಿಯಲ್ಲಿ ಹಾಕಿ ವಾಪಸ್ ಕಳಿಸಿದರು.

ಬಂದ ಬಾಟಲಿ ಬಿಚ್ಚಿ ನೋಡಿದೆ. ಕೊಳೆತ ವಾಸನೆ, ತಳದಲ್ಲಿ ಬೂದುಬಣ್ಣದ ಗಸಿ. ಕಾಗದ ಅದ್ದಿದರೆ ಪಾಚಿ ಹಸಿರು. ಎಂಟು! ನಾನು ಬಿಟ್ಟುಬಂದದ್ದು ಐದೂವರೆ. ಶಾಂಪೂ ತಾನೇ ಎದ್ದು ಮೆಟ್ಟಿಲು ಹತ್ತಿತೇ?

“ಶ್ರೀನಿವಾಸಯ್ಯನೋರ ಕಾಲ್ದಲ್ಲಿ ಒಂದ್ ದಿನಾನೂ ಹಿಂಗಾಗಿರ್ಲಿಲ್ಲ,” ಅಂದರು ಸಾಹುಕಾರರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

ಜುಲೈ ೨೪, ಶನಿವಾರ

ತಪ್ಪು ನೀರಿನದು ಎಂದು ತೀರ್ಮಾನಿಸಿದೆ. ಆಮೇಲೆ ಡ್ರಮ್ಮಿನದು ಎಂದು. ಆಮೇಲೆ ಬಾಟಲಿಯದು. ಆಮೇಲೆ ನಿಂಬೆ ಉಪ್ಪಿನಲ್ಲಿ ಅಂಗಡಿಯವನು ಸೋಡಾ ಬೆರೆಸಿದ್ದಾನೆ ಎಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಕೊಟ್ಟಿಗೆಯಲ್ಲಿದ್ದ ಎಲ್ಲ ಎಮ್ಮೆಗಳಿಗೂ ಹಾಕಿಯಾಯಿತು. ಮನೆಯಲ್ಲಿ ಅಮ್ಮ ಏನೂ ಕೇಳದೆ ಫೋಟೋವನ್ನು ಕನ್ನಡಿಯ ಪಕ್ಕಕ್ಕೆ ಸಿಕ್ಕಿಸಿದ್ದಾಳೆ.

ಆಗಸ್ಟ್ ೧೩, ಶುಕ್ರವಾರ

ಎರಡನೇ ಡ್ರಮ್ಮು. ಈ ಸಲ ಬ್ಯಾಟರಿಗೆ ಹಾಕುವ ಶುದ್ಧ ನೀರು ತರಿಸಿದೆ, ಡ್ರಮ್ಮನ್ನು ಹಸುಗೂಸಿನಂತೆ ತೊಳೆದೆ. ಐದೂವರೆ. ಒಂದು ಪುಟ್ಟ ಬಾಟಲಿಯಲ್ಲಿ ಸ್ವಲ್ಪ ತೆಗೆದು ಬ್ಯಾಗಿಗೆ ಹಾಕಿಕೊಂಡು ಬಂದೆ. ಮಗ್ಗುಲಲ್ಲೇ ಇಟ್ಟುಕೊಂಡು ಮಲಗುತ್ತೇನೆ. ನೋಡೋಣ.

ಗುರುಬಸಮ್ಮನವರು ಬಾಳೆಲೆ ತುಂಡಿನಲ್ಲಿ ಹೋಳಿಗೆ ಕೊಟ್ಟರು. “ಎಷ್ಟು ಕಷ್ಟಪಡ್ತೀಯಾ ಮಗಾ,” ಎಂದರು. ಅಜ್ಜಿಯ ಕಣ್ಣಲ್ಲಿ ನಿಜವಾಗಿಯೂ ಮರುಕವಿತ್ತು. ಹೋಳಿಗೆಯೂ ಚೆನ್ನಾಗಿತ್ತು.

ಆಗಸ್ಟ್ ೧೬, ಸೋಮವಾರ

ಬ್ಯಾಗಿನ ಶಾಂಪೂ ಐದೂವರೆ. ಡ್ರಮ್ಮಿನ ಶಾಂಪೂ ಎಂಟು. ಒಂದೇ ತಾಯಿಯ ಮಕ್ಕಳು.

“ಏನಾಗಲ್ಲ, ತುಂಬಿಸ್ಬಿಡಿ,” ಅಂದರು ಸಾಹುಕಾರರು. ನಾನು ಸಹಿ ಹಾಕುವುದಿಲ್ಲ ಅಂದೆ. ಬಾಯಿಂದ ಬಂದ ಮೇಲೆ ನನಗೇ ಹೆದರಿಕೆಯಾಯಿತು. ಅವರು ನನ್ನನ್ನೇ ನೋಡಿ, ಡ್ರಮ್ಮನ್ನು ಚರಂಡಿಗೆ ಬಗ್ಗಿಸಿಬಿಟ್ಟರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬೀದಿಯುದ್ದಕ್ಕೂ ಚರಂಡಿ ನೊರೆ ಕಕ್ಕಿಕೊಂಡು ಹರಿಯಿತು. ಚಾಮರಾಜಪೇಟೆಯ ಹೆಗ್ಗಣಗಳ ಮುಡಿಗೆ ಇಂದು ಸಿರಿ ಬಂತು.

“ದೀಪಾವಳಿ ಎಣ್ಣೆಸ್ನಾನಕ್ಕೆ ಶಿವರುದ್ರಪ್ಪನೋರು ಇನ್ನೊಂದು ಆರ್ಡರ್ ಕೊಡ್ತೀನಿ ಅಂದಿದಾರೆ. ಕೊನೇದು. ಅದೂ ಕೆಟ್ರೆ ನಾನು ಬೇರೆ ಕೆಮಿಸ್ಟ್ ನೋಡ್ಕೊಬೇಕಾಗುತ್ತೆ ಕೆಮಿಸ್ಟಮ್ಮ. ಬೇಜಾರ್ ಮಾಡ್ಕೊಬೇಡಿ.”

ಬೇಜಾರು ಯಾಕೆ? ತುಮಕೂರು ಏನು ದೂರವೇ.

ಆಗಸ್ಟ್ ೧೯, ಗುರುವಾರ, ಮಧ್ಯಾಹ್ನ

ಸಿಕ್ಕಿತು! ಸಿಕ್ಕಿತು!

ಸಾಹುಕಾರರ ಹೆಂಡತಿ ತ್ರಿಪುರಸುಂದರಿಯವರು ಬಟ್ಟೆ ಒಣಹಾಕಲು ಹಿತ್ತಲಿಗೆ ಬಂದವರು ಸುಮ್ಮನೆ ಮಾತಿಗೆ ಕೇಳಿದರು: “ಅತ್ತೆ ಸಾಯಂಕಾಲ ನೀವು ಹೋದ್ಮೇಲೆ ಡ್ರಮ್ಮಿಗೆ ವಿಭೂತಿ ಹಾಕ್ತಾರಲ್ಲ, ಅದ್ರಿಂದ ಏನೂ ತೊಂದ್ರೆ ಇಲ್ವಲ್ಲ?”

ವಿಭೂತಿ! ಬೂದಿ! ಸಗಣಿ ಸುಟ್ಟ ಬೂದಿಗಿಂತ ಒಳ್ಳೆಯ ಕ್ಷಾರ ಯಾವುದಿದೆ? ನಾನು ಹಾಕಿದ ಹುಳಿಯನ್ನು ಅದು ಮುಕ್ಕಿ ಮುಗಿಸುತ್ತದೆ. ಹುಳಿಯೂ ಬೂದಿಯೂ ಜಗಳವಾಡುವಾಗ ಗ್ಯಾಸು ಹುಟ್ಟುತ್ತದೆ, ಮುಚ್ಚಳ ಹಾರುತ್ತದೆ. ಹುಳಿ ಹೋದ ಮೇಲೆ ಬೆಂಜೋಯೇಟ್ ಮಲಗುತ್ತದೆ, ಶಾಂಪೂ ಕೊಳೆಯುತ್ತದೆ. ತಳದ ಗಸಿ ಯಾವುದೆಂದರೆ ಅದೇ. ಎಲ್ಲ ಲೆಕ್ಕ ಚುಕ್ತಾ! ತಪ್ಪು ನನ್ನದಲ್ಲ, ನನ್ನ ಕೈಯದಲ್ಲ, ನನ್ನ ಡಿಗ್ರಿಯದಲ್ಲ. ಪಾಪ, ಅಜ್ಜಿ ಒಳ್ಳೆಯದಾಗಲಿ ಎಂದು ಹಾಕಿದ್ದಾರೆ. ಹೋಗಿ ನಗುನಗುತ್ತಲೇ ಹೇಳಿಬರುತ್ತೇನೆ.

ಅದೇ ದಿನ, ಸಂಜೆ

ಅಜ್ಜಿ ಹಿತ್ತಲ ಕಟ್ಟೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು.

“ಅಜ್ಜಿ, ಡ್ರಮ್ಮಿಗೆ ವಿಭೂತಿ ಹಾಕ್ತೀರಂತೆ?”

“ಹೂಂ ಮಗಾ. ಒಂದ್ ಹಿಡಿ.”

“ಶ್ರೀನಿವಾಸಯ್ಯನೋರ ಕಾಲ್ದಲ್ಲೂ ಹಾಕ್ತಿದ್ರಾ?”

ಬತ್ತಿ ಹೊಸೆಯುವುದು ನಿಲ್ಲಲಿಲ್ಲ. “ಅವಾಗ ಬೇಕಾಗಿರ್ಲಿಲ್ಲ ಕಣಮ್ಮ. ಈಗ ನೀನು ಮುಟ್ತೀಯಲ್ಲ. ಊರೋರೆಲ್ಲ ತಲೆಗೆ ಹಚ್ಕೊಳೋ ವಸ್ತು. ಶುದ್ಧ ಮಾಡ್ಬೇಕಲ್ಲ. ನಿನ್ ಮೇಲೆ ನಂಗೇನೂ ಇಲ್ಲವ್ವ, ನೀನ್ ಒಳ್ಳೇ ಹುಡ್ಗಿ.”

ಇವತ್ತು ಇನ್ನೇನೂ ಬರೆಯುವುದಿಲ್ಲ.

ಆಗಸ್ಟ್ ೨೦, ಶುಕ್ರವಾರ

ಲೋಟ ಅರ್ಥವಾಯಿತು. ಬಾಳೆಲೆಯೂ.

ಬಿ.ಎಸ್ಸಿ., ಸೆಕೆಂಡ್ ಕ್ಲಾಸು. ಟ್ಯೂಬ್‌ಲೈಟು.

ಆಗಸ್ಟ್ ೨೫, ಬುಧವಾರ

ಸಾಹುಕಾರರಿಗೆ ಹೇಳಿದೆ. ಯಾಕೆ ಹಾಕುತ್ತಾರೆ ಎಂಬುದನ್ನು ಬಿಟ್ಟು ರಸಾಯನಶಾಸ್ತ್ರ ಮಾತ್ರ ಹೇಳಿದೆ. ಒಂದು ಬಟ್ಟಲಲ್ಲಿ ನಿಂಬೆ ಉಪ್ಪಿನ ನೀರಿಗೆ ವಿಭೂತಿ ಉದುರಿಸಿ ಬುಸ್ ಎನ್ನಿಸಿಯೂ ತೋರಿಸಿದೆ. ಅವರ ಮುಖ ನೋಡಿದೆ. ಹೊಸ ವಿಷಯ ಕೇಳಿದವರ ಮುಖ ಅದಾಗಿರಲಿಲ್ಲ. ಬುಸ್ ಎಂದದ್ದು ಮಾತ್ರ ಹೊಸದು.

“ವಯಸ್ಸಾದೋರು. ಅವ್ವಂಗೆ ಏನ್ ಅಂತ ಹೇಳೋದು? ಮನಸ್ಸಿಗೆ ನೋವಾಗುತ್ತೆ,” ಅಂದರು. “ನೀವೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ. ಹೆಂಗೂ ಅವ್ರು ಹಾಕೇ ಹಾಕ್ತಾರೆ ಅಂತ ನಿಂಬೆ ಉಪ್ಪು ಮೊದ್ಲೇ ಜಾಸ್ತಿ ಹಾಕ್ಬಿಟ್ರೆ ಸರಿಹೋಗಲ್ವಾ?”

ಮನಸ್ಸಿಗೆ ನೋವಾಗುತ್ತದೆ. ಯಾರ ಮನಸ್ಸಿಗೆ ಎಂದು ಕೇಳಬೇಕಿತ್ತು. “ಆಗ್ಲಿ ಸಾರ್” ಎಂದು ಬಂದೆ.

ಸೆಪ್ಟೆಂಬರ್ ೩, ಶುಕ್ರವಾರ

ವಿಜ್ಞಾನದ ಚರಿತ್ರೆಯಲ್ಲೇ ಮೊದಲ ಬಾರಿಗೆ ಒಂದು ಲೆಕ್ಕ ಮಾಡುತ್ತಿದ್ದೇನೆ: ಒಂದು ಹುಡುಗಿಯ ಮುಟ್ಟುವಿಕೆಯನ್ನು ತೊಳೆಯಲು ಹಿಡಿ ವಿಭೂತಿ ಬೇಕಾದರೆ, ಆ ಹಿಡಿ ವಿಭೂತಿಯನ್ನು ತೊಳೆಯಲು ನಿಂಬೆ ಉಪ್ಪು ಎಷ್ಟು ಬೇಕು? ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಬಂದಿದ್ದರೆ ನಮ್ಮ ಪ್ರೊಫೆಸರು ಪಠ್ಯದ ಹೊರಗಿನದು ಅನ್ನುತ್ತಿದ್ದರು.

ಸಣ್ಣ ಡ್ರಮ್ಮಿನಲ್ಲಿ ಹೆಚ್ಚು ಹುಳಿ ಹಾಕಿ ಪರೀಕ್ಷೆಗೆ ಬಿಟ್ಟುಬಂದೆ.

ಸೆಪ್ಟೆಂಬರ್ ೬, ಸೋಮವಾರ

ಅಜ್ಜಿಗೆ ಆವತ್ತು ಮಂಡಿನೋವು, ಹಿತ್ತಲಿಗೆ ಬರಲೇ ಇಲ್ಲವಂತೆ. ಶಾಂಪೂ ಶುದ್ಧವಾಗದೆ ಮೂರಕ್ಕೆ ನಿಂತಿದೆ, ಅಪ್ಪಟ ಉಪ್ಪಿನಕಾಯಿ. ಅದು ಗೊತ್ತಿಲ್ಲದೆ ತ್ರಿಪುರಸುಂದರಿಯವರು ಭಾನುವಾರ ತಲೆಗೆ ಹಾಕಿಕೊಂಡು ಕಣ್ಣುರಿದು ಕೂಗಿಕೊಂಡಿದ್ದಾರೆ. ಇವತ್ತೂ ಕಣ್ಣು ಕೆಂಪಗಿತ್ತು.

“ತಪ್ಪು ನಂದು ಅಕ್ಕ,” ಅಂದೆ. ಅವರ ಕಣ್ಣು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಅವರು ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತಾ, “ನಿಮ್ದೇನ್ ತಪ್ಪು. ನಾನ್ ಈ ಮನೆಗೆ ಬಂದಾಗ ಕಾಲೇಜ್ ಓದಿದೋಳು ಅಂತ ನನ್ ಕೈ ಅಡುಗೇನೂ ಒಂದ್ ವರ್ಷ ಮುಟ್ತಿರ್ಲಿಲ್ಲ,” ಅಂದರು. ಸಮಾಧಾನಕ್ಕೆ ಹೇಳಿದ್ದು. ಅವರಿಗೆ ಒಂದು ವರ್ಷದಲ್ಲಿ ಮುಗಿಯಿತು, ಅದೃಷ್ಟವಂತರು.

ಅಕ್ಟೋಬರ್ ೨೬, ಮಂಗಳವಾರ

ಆಯುಧಪೂಜೆ. ಡ್ರಮ್ಮಿಗೆ ಹೂವು, ತಕ್ಕಡಿಗೆ ಹೂವು, ಸೌಟಿಗೆ ಹೂವು. ನನ್ನ ಪಿಎಚ್ ಪುಸ್ತಕಕ್ಕೂ ಮೂರು ಗೆರೆ ವಿಭೂತಿ ಎಳೆದು ಮೇಲೆ ಕುಂಕುಮ ಇಟ್ಟಿದ್ದಾರೆ. ರಟ್ಟಿನ ಮೇಲಿದ್ದ ಐದರ ಚೌಕ ಮುಚ್ಚಿಹೋಗಿದೆ. ನಾನು ದಿನವೂ ಮುಟ್ಟುವ ಪುಸ್ತಕಕ್ಕೆ ಪೂಜೆ, ಮುಟ್ಟುವ ಕೈಗೆ ಗೇಣು ಮೇಲಿನಿಂದ ಕಾಫಿ. ಇವತ್ತು ಕಾಫಿ ಬೇಡ ಅಂದೆ. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿದೆ. ಮನೆಯವರೆಗೂ ಆ ಸುಳ್ಳೇ ಉರಿಯುತ್ತಿತ್ತು.

ಅಮ್ಮನ ಬಲವಂತಕ್ಕೆ ಅಪ್ಪ ಸೂಜಿ ದಾರಕ್ಕೆ ಪೂಜೆ ಮಾಡಿ ಕೂತಿದ್ದ. ಎಲ್ಲ ಹೇಳಿದೆ. ಲೋಟದಿಂದ ಹಿಡಿದು. ಅಪ್ಪ ಸೂಜಿಗಿಟ್ಟ ಹೂವನ್ನು ಸರಿಮಾಡುತ್ತಾ ಕೇಳಿಸಿಕೊಂಡ. ಅಮ್ಮನೇ ಸಿಡಿದಳು.

“ಬಾಯ್ ಮುಚ್ಕೊಂಡು ಕೆಲಸ ಉಳಿಸ್ಕೊ! ನಾನ್ ಎಷ್ಟ್ ಮನೆ ಮುಂದೆ ಅಂಗೈಲಿ ನೀರ್ ಕುಡ್ದಿದೀನಿ ಗೊತ್ತಾ? ನಿಂಗ್ ಲೋಟನಾದ್ರೂ ಕೊಟ್ಟವ್ರೆ.”

“ಹನುಮಕ್ಕಾ, ಸುಮ್ನಿರು,” ಅಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, “ಬಿಟ್ಬಿಡ್ತೀಯಾ?”

“ಇಲ್ಲ.”

“ಮತ್ತೇನ್ ಮಾಡ್ತೀಯಾ?”

“ಗೊತ್ತಿಲ್ಲ ಅಪ್ಪ. ಆದ್ರೆ ಶಾಂಪೂ ಕೆಡಿಸಿದ್ದು ನಾನು ಅನ್ನಿಸ್ಕೊಂಡು ಮಾತ್ರ ಬರಲ್ಲ.”

ಅಪ್ಪ ತಲೆಯಾಡಿಸಿದ. ಅಮ್ಮ ಅಳುತ್ತಾ ಒಳಗೆ ಹೋಗಿ ನನಗೆ ಪಾಯಸ ತಂದುಕೊಟ್ಟಳು. ಅಮ್ಮನ ಮೇಲೆ ಸಿಟ್ಟು ಬರುತ್ತದೆ, ಆದರೆ ಉಳಿಯುವುದಿಲ್ಲ.

ನವೆಂಬರ್ ೧, ಸೋಮವಾರ

ಸಾಹುಕಾರರು ರಾಜ್ಯೋತ್ಸವದ ಬಾವುಟ ಕಟ್ಟಿ ಬಂದ ಉತ್ಸಾಹದಲ್ಲಿ ಒಂದು ಮಹಾ ಉಪಾಯ ಹೇಳಿದರು. ದೀಪಾವಳಿ ಆರ್ಡರಿನ ದಿನ ನಾನು ಲ್ಯಾಬಿನ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂರುವುದು. ಎಷ್ಟು ಹಾಕಬೇಕು ಎಂದು ಹೇಳುವುದು. ತ್ರಿಪುರಸುಂದರಿಯವರು ಹಾಕಿ, ತಿರುವಿ, ಕಾಗದ ಅದ್ದಿ ತಂದು ತೋರಿಸುವುದು. ನನ್ನ ಕೈ ಸೋಕದಿದ್ದರೆ ಅವ್ವನಿಗೆ ವಿಭೂತಿಯ ಅಗತ್ಯವೇ ಬೀಳುವುದಿಲ್ಲ.

“ಅವ್ವಂಗೂ ಸಮಾಧಾನ, ನಿಮ್ಗೂ ಆರಾಮ. ಕೆಲಸ ಕಾಯಂ, ಲೈಸೆನ್ಸಲ್ಲಿ ನಿಮ್ಮ ಹೆಸ್ರು. ಫ್ಯಾನ್ ಬೇಕಾದ್ರೂ ಹಾಕಿಸ್ಕೊಡ್ತೀನಿ.”

ಪಟದಲ್ಲಿದ್ದ ಬಸವಣ್ಣನವರ ಕಡೆ ನೋಡಿದೆ. ಅವರಿಗೂ ಏನು ಹೇಳಬೇಕೋ ತೋಚಲಿಲ್ಲ, ಪಾಪ.

ನಾನು ಬಯಸಿದ್ದೆಲ್ಲ ಸಿಗುತ್ತಿದೆ. ಕೆಲಸ, ಹೆಸರು, ಫ್ಯಾನು. ತುಮಕೂರಿನ ಸ್ಕೂಟರು ವಾಪಸ್ ಸ್ಟುಡಿಯೋಗೆ. ಬಿಟ್ಟುಕೊಡಬೇಕಾದ್ದು ಎರಡು ಕೈ ಮಾತ್ರ. ‘ಆಗ್ಲಿ ಸಾರ್’ ಎಂದೆ. ಈ ಮನೆಗೆ ಬಂದ ಮೇಲೆ ಈ ಮಾತು ನನ್ನ ಬಾಯಲ್ಲಿ ಚೆನ್ನಾಗಿ ಕೂತುಬಿಟ್ಟಿದೆ.

ನವೆಂಬರ್ ೫, ಶುಕ್ರವಾರ

ನಡೆದದ್ದನ್ನು ನಡೆದ ಹಾಗೇ ಬರೆಯಬೇಕು.

ಒಂದು ಸಲ ಮಾಲು ಕೆಟ್ಟು, ಇನ್ನೊಂದು ಸಲ ಮಾಲೇ ಬಾರದೆ ಬೇಸತ್ತ ಶಿವರುದ್ರಪ್ಪನವರು ಈ ಸಲ ತಾವೇ ಮಲ್ಲೇಶ್ವರದಿಂದ ಬಂದು ಹಿತ್ತಲಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತರು. ಕಣ್ಣೆದುರಿಗೆ ತಯಾರಾಗಬೇಕು, ಕಣ್ಣೆದುರಿಗೆ ತುಂಬಬೇಕು, ಸಂಜೆಗೆ ಗಾಡಿ ಹೊರಡಬೇಕು. ಸಾಹುಕಾರರು ಪಕ್ಕದಲ್ಲಿ. ಗುರುಬಸಮ್ಮನವರು ಕಟ್ಟೆಯ ಮೇಲೆ. ಯಾವುದಕ್ಕೂ ಇರಲಿ ಎಂದು ಕೈಯಲ್ಲಿ ವಿಭೂತಿ ಗಟ್ಟಿ.

ನಾನು ಬಾಗಿಲ ಹೊರಗೆ ಕುರ್ಚಿಯಲ್ಲಿ ಕೂತು ಆಕಾಶವಾಣಿಯ ಹಾಗೆ ಹೇಳುತ್ತಾ ಹೋದೆ. ತ್ರಿಪುರಸುಂದರಿಯವರು ಹೊಯ್ದರು, ತಿರುವಿದರು. ಅಭ್ಯಾಸವಿಲ್ಲದ ತೋಳು, ಬೆವರಿಳಿಯುತ್ತಿತ್ತು. ಹಸಿರು. ಇನ್ನೂ ಸ್ವಲ್ಪ. ತಿಳಿಹಸಿರು. ಇನ್ನೊಂದು ಚಮಚ, ಸಾಕು ಅಕ್ಕ, ನಿಲ್ಲಿಸಿ. ಕಾಗದ ತಂದು ತೋರಿಸಿದರು. ಮಾವಿನ ಬಣ್ಣ. ಐದೂವರೆ.

“ನೋಡಿದ್ರಾ!” ಅಂದರು ಸಾಹುಕಾರರು ಶಿವರುದ್ರಪ್ಪನವರಿಗೆ. “ನಮ್ಮನೆ ಹೆಣ್ಮಕ್ಳ ಕೈಗುಣ!”

ಅಷ್ಟು ಹೊತ್ತೂ ನಾನು ಅವರು ಹೇಳಿದಂತೆಯೇ ನಡೆಯಬೇಕೆಂದಿದ್ದೆ. ಆಣೆ ಮಾಡಿ ಹೇಳುತ್ತೇನೆ. ಆದರೆ ಈ ಒಂದು ಮಾತಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಲ್ಲಿಗೆ ಹೋದೆ. ಮೊಣಕೈವರೆಗೆ ಸೋಪು ಹಚ್ಚಿ ತೊಳೆದೆ, ಸ್ಪಿರಿಟ್ ಹಾಕಿ ಒರೆಸಿಕೊಂಡೆ, ಯಾಕೆಂದರೆ ನಾನು ಕೆಮಿಸ್ಟು. ಒಳಗೆ ಹೋಗಿ ಬಲಗೈಯನ್ನು ಡ್ರಮ್ಮಿನೊಳಕ್ಕೆ ಇಳಿಸಿದೆ. ತಣ್ಣಗಿತ್ತು. ಒಂದು ಸುತ್ತು ತಿರುವಿದೆ. ಬಾಟಲಿ ತುಂಬುವ ಹೆಂಗಸರ ಕೈ ಹಾಗೇ ನಿಂತಿತು.

“ಏನಮ್ಮಾ ಇದು!” ಸಾಹುಕಾರರು ಎದ್ದು ನಿಂತರು.

“ಮುಟ್ಟಿದೆ ಸಾರ್. ಎಲ್ರೂ ನೋಡಿದ್ರಲ್ಲ?” ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. “ಅಜ್ಜೀ, ವಿಭೂತಿ ನಿಮ್ಮ ಕೈಲೇ ಇದೆ. ಹಾಕಿದ್ರೆ ಇದು ಶುದ್ಧ ಆಗುತ್ತೆ, ಮುಚ್ಚಳ ಹಾರುತ್ತೆ, ಜನದ ತಲೆ ಕೆರೆಯುತ್ತೆ, ಆರ್ಡರ್ ಹೋಗುತ್ತೆ. ಹಾಕ್ದೆ ಇದ್ರೆ ನಾನ್ ಮುಟ್ಟಿದ್ದನ್ನ ಊರೋರೆಲ್ಲ ಹಬ್ಬದ ದಿನ ತಲೆಗೆ ಹಚ್ಕೊತಾರೆ. ಯಾವ್ದಾಗ್ಲಿ, ಈಗ್ಲೇ ಹೇಳ್ಬಿಡಿ. ನಾನ್ ಹೋದ್ಮೇಲೆ ಬೇಡ.”

ಅಜ್ಜಿ ಮಗನ ಮುಖ ನೋಡಿದರು. ಮಗ ಶಿವರುದ್ರಪ್ಪನವರ ಮುಖ ನೋಡಿದರು. ಶಿವರುದ್ರಪ್ಪನವರು ಗಡಿಯಾರ ನೋಡಿಕೊಂಡರು.

“ಯಾರ್ ಮುಟ್ಟಿದ್ರೆ ನಂಗೇನ್ರೀ,” ಅಂದರು. “ನೊರೆ ಬರುತ್ತೆ ತಾನೆ? ಮುಚ್ಚಳ ಹಾರಲ್ಲ ತಾನೆ?”

ಸಾಹುಕಾರರು ಡ್ರಮ್ಮಿನ ಸುತ್ತ ಒಂದು ಸುತ್ತು ಬಂದರು. ಮೂರು ತಲೆಮಾರಿನ ಮಡಿ ಒಂದು ಕಡೆ, ದೀಪಾವಳಿ ಆರ್ಡರು ಒಂದು ಕಡೆ. ತಕ್ಕಡಿ ಎತ್ತ ವಾಲುತ್ತದೆಂದು ನನಗೆ ಗೊತ್ತಿತ್ತು. ಪೇಟೆಯ ತಕ್ಕಡಿ ಅದು.

“ತುಂಬ್ರಮ್ಮ,” ಅಂದರು ಕೊನೆಗೆ, ಯಾರ ಮುಖವನ್ನೂ ನೋಡದೆ.

ಗುರುಬಸಮ್ಮನವರು ವಿಭೂತಿ ಗಟ್ಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದರು. ನನ್ನ ಮುಂದೆ ಬಂದು ನಿಂತರು. ಶಾಂಪೂ ಸೋರುತ್ತಿದ್ದ ನನ್ನ ಕೈಯನ್ನು ನೋಡಿದರು, ನೋಡಿ ಒಳಗೆ ಹೋದರು. ಅವರಿಗೆ ನೋವಾಯಿತು. ನನಗೂ ಆಗಿತ್ತು, ಜೂನ್ ತಿಂಗಳಿನಿಂದ.

ಹೋಗುವಾಗ ಸಾಹುಕಾರರು ಕೆಮ್ಮಿ, “ಸೋಮವಾರ ಬರ್ತೀರಲ್ಲ? ಲೈಸೆನ್ಸಿಗೆ ಕಳಿಸ್ಬೇಕು. ಹೆಸ್ರು ಪೂರ್ತಿ ಬರ್ಕೊಡಿ,” ಅಂದರು. ಬರೆದುಕೊಟ್ಟೆ: ಎ. ಬೈರಮ್ಮ. ಕಿಟಕಿಯ ಮೇಲಿನ ಲೋಟವನ್ನು ಬ್ಯಾಗಿಗೆ ಹಾಕಿಕೊಂಡು ಬಂದೆ. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಲೋಟಗಳ ಜೊತೆ ಜಾಗವಿದೆ.

ಒಂದು ವಿಷಯ ಬಿಟ್ಟೆ. ಕೈ ಹೊರಗೆ ತೆಗೆದ ಮೇಲೆ ನಾನು ಇನ್ನೊಂದು ಕಾಗದ ಅದ್ದಿದ್ದೆ. ಅದನ್ನೂ ತ್ರಿಪುರಸುಂದರಿಯವರು ಮೊದಲು ಅದ್ದಿದ್ದನ್ನೂ ಇಲ್ಲಿ ಪಕ್ಕಪಕ್ಕ ಅಂಟಿಸಿದ್ದೇನೆ. ಯಾವುದು ನಾನು ಮುಟ್ಟುವ ಮೊದಲಿನದು, ಯಾವುದು ಮುಟ್ಟಿದ ಮೇಲಿನದು ಎಂದು ಗುರುತು ಹಾಕಲು ಮರೆತುಬಿಟ್ಟೆ. ಈಗ ದೀಪದ ಹತ್ತಿರ ಹಿಡಿದು ಎಷ್ಟು ನೋಡಿದರೂ ನನಗೇ ಗೊತ್ತಾಗುತ್ತಿಲ್ಲ.